ಪರೀಕ್ಷೆಗೆ ಪಾಸಾದ ಮನೆ

ಬಾಗಿಲಿಗೆ ಕೈ ಹಚ್ಚಿದ್ದೇ ತಪ್ಪಾಯಿತು.

ಪಂಚಗಂಗೆ ಹೊಳೆಯ ಮಹಾಪೂರ ಇಳಿದು ಒಂದು ದಿನವಾಗಿತ್ತು. ಎಂಟು ರಾತ್ರಿ ಇಚಲಕರಂಜಿಯ ಸಾಲೆಯೊಂದರಲ್ಲಿ ಅರವತ್ತು ಮಂದಿಯ ಗೊರಕೆಯ ನಡುವೆ ಮುದುಡಿ ಮಲಗಿದ್ದ ಜಿನಗೊಂಡನಿಗೆ ಇದ್ದದ್ದು ಒಂದೇ ಆಸೆ: ಇವತ್ತು ತನ್ನ ಮನೆಯಲ್ಲಿ, ನೀರು ಮುಟ್ಟದ ತನ್ನ ಅಟ್ಟದ ಮೇಲೆ, ಕಾಲು ಚಾಚಿ ಮಲಗಬೇಕು.

"ನಿಂದರೋ!" ಎದುರುಮನೆಯ ಭಾವುಸಾಹೇಬ ಚೀರಿದ. "ನೆನದ ಗ್ವಾಡಿ ಅದು. ಮೊದಲ ಬಡದು ನೋಡು."

ಜಿನಗೊಂಡ ಗೋಡೆ ಬಡಿದ. ಬುಟ್ಟಿಯಷ್ಟು ಮಣ್ಣು ಅವನ ತಲೆಯ ಮೇಲೆಯೇ ಬಿತ್ತು.

"ಬಿದ್ದಿದ್ದು ಮ್ಯಾಲ ಮೆತ್ತಿದ ಗಿಲಾವ. ಗ್ವಾಡಿ ಮಜಬೂತ್ ಐತಿ," ಎಂದು ಭಾವುಸಾಹೇಬ ಇಪ್ಪತ್ತು ಮಾರು ದೂರದಿಂದ ತೀರ್ಪು ಕೊಟ್ಟ.

ಅಷ್ಟರಲ್ಲಿ ಪಕ್ಕದ ಮನೆಯ ಹೀರಾಬಾಯಿ ಉದ್ದನೆಯ ಗಳ ಹಿಡಿದು ಓಡಿಬಂದಳು. "ಒಳಗ ಹಾವು ಹೊಕ್ಕಿರ್ತಾವ. ಗಳ ಹಾಕಿ ಆಡಸು. ಮೆಲ್ಲಕ! ಹಾವಿಗೆ ಪೆಟ್ಟು ಹತ್ತಿದ್ರ ಪಾಪ ನಿನಗ."

"ಅದು ನನಗ ಕಡದ್ರ?"

"ಆ ಪಾಪ ಅದಕ್ಕ."

ಗಳ ಒಳಗಿನ ಹಂಡೆಗೆ ತಾಗಿ ಢಣ್ ಎಂದಿತು. "ಬಂತವ್ವೋ!" ಎಂದು ಹೌಹಾರಿ ಓಡಿದ ಹೀರಾಬಾಯಿ ಅವನನ್ನು ರಾಡಿಗೆ ಕೆಡವಿಯೇ ಓಡಿದಳು. ಎದ್ದಾಗ ಅವನು ಹೊಂಡದಿಂದ ಎದ್ದ ಎಮ್ಮೆಯಂತಿದ್ದ.

ಓಣಿಯ ಕೊನೆಯಿಂದ ಕುರಿಗಾರ ಧೋಂಡಿಬಾ ತನ್ನ ಟಗರನ್ನು ಎಳೆದುತಂದ. "ಟಗರ ತುಳದ ನೆಲಾ ಮನಶ್ಯಾನ್ನ ನುಂಗೂದಿಲ್ರಿ."

ಟಗರು ಒಳಗೆ ನುಗ್ಗಿತು. ಓಣಿಯ ಮಂದಿಯೆಲ್ಲ ಬಾಗಿಲ ಮುಂದೆ ನೆರೆದರು. ಒಳಗೆ ಧಡಬಡ, ಆಮೇಲೆ ಫಳಾರ್! ಕೊನೆಗೆ ಅದು ಜಿನಗೊಂಡನ ಲಗ್ನದ ರುಮಾಲನ್ನು ಕೊಂಬಿಗೆ ಸುತ್ತಿಕೊಂಡು ಮದುಮಗನ ಗತ್ತಿನಲ್ಲಿ ಹೊರಬಂತು.

"ಪಾಸ್!" ಎಂದು ಎಲ್ಲರೂ ಕೂಗಿದರು.

"ಇನ್ನ ಅಟ್ಟಾ," ಎಂದ ಭಾವುಸಾಹೇಬ. "ಏಣಿ ಹತ್ತಿ ಕುಣಿ. ಜೋರಲೆ!"

ಜಿನಗೊಂಡ ಕುಣಿದ. ಒಂದು ಹಲಗೆಯೂ ಜಗ್ಗಲಿಲ್ಲ. ಸಂತೋಷಕ್ಕೆ ಎರಡು ಕುಣಿತ ಹೆಚ್ಚೇ ಕುಣಿದು, ಹಾಸಿಗೆ ತರಲು ಸಾಲೆಗೆ ಓಡಿದ.

ಹಾಸಿಗೆ ಹೊತ್ತು ಬಂದು ನೋಡುತ್ತಾನೆ: ಕೆಳಗೆ ಪಾದ ಮುಳುಗುವ ರಾಡಿ, ಮೇಲೆ ಅಟ್ಟದ ತುಂಬ ಜನ. ಭಾವುಸಾಹೇಬ ಮತ್ತವನ ಮಕ್ಕಳು, ಹೀರಾಬಾಯಿ ಮತ್ತವಳ ಮೂವರು ಸೊಸೆಯಂದಿರು, ಆಗಲೇ ಕಂಬಳಿ ಹಾಸಿ ಅಡ್ಡಾಗಿದ್ದ ಧೋಂಡಿಬಾ.

"ಇದೇನ್ರಿ ಇದು?"

"ನಮ್ಮ ಮನೀನ ಯಾರ ಪರೀಕ್ಷಾ ಮಾಡ್ಯಾರ?" ಎಂದಳು ಹೀರಾಬಾಯಿ. "ಓಣ್ಯಾಗ ಪಾಸಾದ ಮನಿ ಇದೊಂದ."

"ಇರಲಿ, ಒಂದೀಟು ಸರೀರಿ," ಎಂದು ಜಿನಗೊಂಡ ಏಣಿಗೆ ಕಾಲಿಟ್ಟ.

"ಹತ್ತಬ್ಯಾಡೋ ತಮ್ಮಾ!" ಭಾವುಸಾಹೇಬನ ದನಿಯಲ್ಲಿ ನಿಜವಾದ ಕಾಳಜಿಯಿತ್ತು. "ತೊಲಿ ಬಾಗಾಕತ್ತೈತಿ. ಇನ್ನೊಂದಾಳು ಬಂದ್ರ ಮುರೀತೈತಿ, ಧೋಕಾ. ಜೀವಕ್ಕಿಂತ ಹೆಚ್ಚೇನೈತಿ?"

ಎಂದವನೇ ಏಣಿಯನ್ನು ಮೇಲಕ್ಕೆ ಎಳೆದುಕೊಂಡ.