ಇಳಿಯಲೊಲ್ಲದ ಅಪ್ಪನ ಹೊಟ್ಟೆ

ಮೊದಲು ಒಂದು ಒಗಟು. ಅರ್ಧ, ಅರ್ಧ, ಇನ್ನೊಂದು ಅರ್ಧ, ಮತ್ತೊಂದು ಅರ್ಧ. ಕೂಡಿಸಿದರೆ ಎಷ್ಟು? ಎರಡು ಅಂದ್ರಾ? ತಪ್ಪು. ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಡುಮ್ಕಿ ಹೊಡೆದ ನನಗೂ ಗೊತ್ತಿರಲಿಲ್ಲ. ಉತ್ತರ ನಮ್ಮಪ್ಪನ ಹತ್ತಿರ ಇದೆ.

ಅಪ್ಪ ಮಹದೇವಪುರದ ಒಂದು ಕಂಪನಿಗೆ ಕ್ಯಾಬ್ ಓಡಿಸ್ತಾರೆ. ಹೋದ ಸಲದ ಮೆಡಿಕಲ್‌ನಲ್ಲಿ ಡಾಕ್ಟರು, "ಶುಗರ್ ಜಾಸ್ತಿ, ಲಿವರ್ ತುಂಬಾ ಕೊಬ್ಬು. ಮುಂದಿನ ಟೆಸ್ಟಿಗೆ ಇಳಿಸದಿದ್ರೆ ಗಾಡಿ ಓಡಿಸೋ ಹಾಗಿಲ್ಲ" ಅಂದುಬಿಟ್ಟರು. ಅವತ್ತಿನಿಂದ ಹಲಸೂರಿನ ನಮ್ಮ ಮನೆಯಲ್ಲಿ ದಿನಕ್ಕೊಂದು ರಾದ್ಧಾಂತ. ಸುಮ್ಮನೆ ಕೂರೋ ಜಾತಿ ನಾನಲ್ಲ, ಹೇಳಿಬಿಡ್ತೀನಿ.

1. ಬೈ-ಟು

"ಟೀ ಪೂರ್ತಿ ಬಿಟ್ಬಿಡ್ರೀ" ಅಂದಳು ಅಮ್ಮ.

"ಇನ್ಮೇಲೆ ಬೈ-ಟು ಮಾತ್ರ ಕಣೇ. ಸಕ್ಕರೆ ಅರ್ಧ ಆಯ್ತಲ್ಲ?" ಅಂದರು ಅಪ್ಪ.

ಅಮ್ಮ ಒಪ್ಪಿದಳು. ನನಗೆ ಅನುಮಾನ. ಒಂದು ಬೆಳಗ್ಗೆ ಅಪ್ಪನ ಬೆನ್ನು ಹತ್ತಿದೆ. ಆಟೋ ಸ್ಟ್ಯಾಂಡಿನಲ್ಲಿ ಒಬ್ಬರ ಜೊತೆ ಬೈ-ಟು. ಪಂಚರ್ ಅಂಗಡಿ ಹತ್ತಿರ ಇನ್ನೊಬ್ಬರ ಜೊತೆ ಬೈ-ಟು. ಶಿವಾಜಿನಗರದಲ್ಲಿ ಸ್ಪೇರ್ ಪಾರ್ಟ್ಸ್ ಸಾಹೇಬರು "ಆವೋ ಭಾಯ್, ಚಾಯ್!" ಅಂದರು, ಅಲ್ಲೂ ಬೈ-ಟು. ನಾನು ತಡೆಯಲಾರದೆ ಎದುರಿಗೇ ಹೋಗಿ ನಿಂತೆ.

"ಏನಪ್ಪಾ ಇದು, ಎಷ್ಟು ಟೀ ಆಯ್ತು?"

"ಲೋ, ಒಂದು ಕಡೆಯಾದ್ರೂ ನನ್ನ ಕೈಯಲ್ಲಿ ಪೂರ್ತಿ ಲೋಟ ನೋಡಿದ್ಯಾ? ಅರ್ಧ ಅಂದ್ರೆ ಅರ್ಧ! ಬಂದಿದ್ದೀಯಲ್ಲ, ಬಾ, ನಾವಿಬ್ರೂ ಒಂದು ಬೈ-ಟು ಹಾಕೋಣ."

2. ಪಂಚಾಯ್ತಿ

ಅಮ್ಮನ ಪ್ರಕಾರ ತಪ್ಪೆಲ್ಲ ಸಕ್ಕರೆಯದು, ಬೋಂಡಾ ಪಾಪದ್ದು. ಅಪ್ಪನ ಪ್ರಕಾರ ತಪ್ಪೆಲ್ಲ ಎಣ್ಣೆಯದು. "ಕಬ್ಬಿನ ಹಾಲಲ್ಲಿ ಒಂದು ತೊಟ್ಟು ಎಣ್ಣೆ ತೋರಿಸು ನೋಡೋಣ!" ಅಂತ ಸವಾಲು. ದಿನಾ ಇದೇ ಜಗಳ. ನಾನು ಪಕ್ಕದ ಮನೆ ನರ್ಸ್ ಅಕ್ಕನನ್ನು ಎಳ್ಕೊಂಡು ಬಂದೆ.

"ಅಣ್ಣಾ, ಜಾಸ್ತಿ ಸಕ್ಕರೆ ಒಳಗೆ ಹೋದ್ರೆ ಲಿವರ್ ಅದನ್ನೇ ಕೊಬ್ಬು ಮಾಡುತ್ತೆ. ಕರಿದಿದ್ದು ಅದರ ಮೇಲೆ ಇನ್ನಷ್ಟು. ಎರಡೂ ಜೊತೆಗೆ ಹೋದ್ರಂತೂ ಮುಗೀತು" ಅಂದಳು ಅಕ್ಕ.

ಇಬ್ಬರೂ ಗಂಭೀರವಾಗಿ ತಲೆ ಆಡಿಸಿದರು.

"ನೋಡಿದ್ಯಾ? ನಿಂದೂ ಸರಿ, ನಂದೂ ಸರಿ" ಅಂದರು ಅಪ್ಪ. "ನೀನೂ ಗೆದ್ದೆ, ನಾನೂ ಗೆದ್ದೆ."

ಅವತ್ತು ಸಂಜೆ ಅಮ್ಮ ಬೋಂಡಾ ಕರಿದಳು. ಅಪ್ಪ ಕಬ್ಬಿನ ಹಾಲು ಕಟ್ಟಿಸ್ಕೊಂಡು ಬಂದರು.

3. ತೂಕ

ಹಲಸೂರು ಕೆರೆ ಹತ್ತಿರ ಫುಟ್‌ಪಾತಿನಲ್ಲಿ ತೂಕದ ಮಷಿನ್ ಇಟ್ಕೊಂಡು ಒಬ್ಬ ತಾತ ಕೂರ್ತಾನೆ. ವಾಕಿಂಗ್ ಮುಗಿಸಿ ಅಪ್ಪ ಅದರ ಮೇಲೆ ಹತ್ತಿದರು. ನಾನು ಹಿಂದಿನಿಂದ ಮೆಲ್ಲಗೆ ಒಂದು ಕಾಲು ಇಟ್ಟೆ. ಮುಳ್ಳು ಸರ್ರಂತ ಏರಿತು.

"ಅಯ್ಯಯ್ಯೋ! ನಡೆದ್ರೆ ತೂಕ ಜಾಸ್ತಿ ಆಗುತ್ತಾ?"

ತಾತ ನನ್ನ ಕಾಲು ನೋಡಿದ, ಮುಖ ನೋಡಿದ. "ನಮ್ಮ ಮಷಿನ್ ಸುಳ್ಳು ಹೇಳಲ್ಲ ಸಾರ್" ಅಂದ.

ಹೆದರಿದ ಅಪ್ಪ ಒಂದು ವಾರ ಟೀ, ಬೋಂಡಾ, ಕಬ್ಬಿನ ಹಾಲು ಎಲ್ಲಾ ಬಿಟ್ಟರು. ಕಾಲಿನ ಗುಟ್ಟು ಕೇಳಿದ ಅಮ್ಮ ನನಗೆ ದೃಷ್ಟಿ ತೆಗೆಯೋದೊಂದು ಬಾಕಿ. ಮುಂದಿನ ವಾರ ನನಗೇ ಪಾಪ ಅನ್ನಿಸಿ ಕಾಲು ಇಡಲಿಲ್ಲ. ಮುಳ್ಳು ದಬಕ್ಕನೆ ಇಳಿಯಿತು.

"ಒಂದೇ ವಾರಕ್ಕೆ ಇಷ್ಟಾ!" ಅಂತ ಅಪ್ಪ ಕುಣಿದಾಡಿ, ಆ ಖುಷಿಗೆ ಸೀದಾ ಎದುರಿನ ಹೋಟೆಲಿಗೆ ನುಗ್ಗಿ ಎರಡು ಬೆಣ್ಣೆ ಮಸಾಲೆ ಬಾರಿಸಿದರು.

4. ಟೇಪು

ಇವತ್ತು ಮೆಡಿಕಲ್. ಇಂದಿರಾನಗರದ ಕ್ಲಿನಿಕ್ಕು. ಡಾಕ್ಟರು ಅಪ್ಪನ ಸೊಂಟಕ್ಕೆ ಟೇಪು ಸುತ್ತಿದರು. ಅಪ್ಪ ಬಾಗಿಲಲ್ಲೇ ಉಸಿರು ಎಳ್ಕೊಂಡವರು ಇನ್ನೂ ಬಿಟ್ಟಿಲ್ಲ.

"ಉಸಿರು ಬಿಡ್ರೀ."

ಅಪ್ಪ ತಲೆ ಅಡ್ಡಡ್ಡ ಆಡಿಸಿದರು.

"ಮುಖ ನೀಲಿ ಆಗ್ತಿದೆ, ಬಿಡ್ರೀ!"

"ಉಸಿರು ಬಿಟ್ರೆ ಗಾಡಿ ಬಿಡ್ಬೇಕಲ್ಲ ಸಾರ್!"

ಡಾಕ್ಟರು ಬಿದ್ದೂ ಬಿದ್ದೂ ನಕ್ಕರು. ನಕ್ಕ ರಭಸಕ್ಕೆ ಅವರ ಹೊಟ್ಟೆ ಮೇಲಿನ ಅಂಗಿ ಗುಂಡಿ ಕಿತ್ತು ಹಾರಿ ಅಪ್ಪನ ಹಣೆಗೆ ಬಡಿಯಿತು. ಅಪ್ಪ ಗುಂಡಿ ನೋಡಿದರು, ಆ ಹೊಟ್ಟೆ ನೋಡಿದರು, ಟೇಪು ಕೈಗೆ ತಗೊಂಡರು.

"ಸಾರ್, ಈಗ ನಿಮ್ದು ಅಳೀಲಾ?"

"ಪಾಸ್ ರೀ, ಪಾಸ್! ಮೊದಲು ಆ ಟೇಪು ಕೆಳಗಿಡಿ!"

ಈ ನಾಲ್ಕನೇದು ಇದೆಯಲ್ಲ, ಇದು ನಾನು ಕಟ್ಟಿದ ಕತೆ. ಕ್ಲಿನಿಕ್ಕಿನ ಹೊರಗೆ ಬೆಂಚಿದೆ, ಕೂರೋಕೆ ಆಗ್ತಿಲ್ಲ, ಆ ಕಡೆಯಿಂದ ಈ ಕಡೆ ತಿರುಗ್ತಾನೇ ಇದ್ದೀನಿ. ಅಪ್ಪ ಒಳಗೆ ಹೋಗಿ ಆಗಲೇ ತುಂಬಾ ಹೊತ್ತಾಯ್ತು. ಬಾಗಿಲು ಇನ್ನೂ ತೆಗೆದಿಲ್ಲ.