ಪತ್ರ ಒಡೆಯುವ ಸಾಹೇಬ

ಟಪಾಲು ಹಂಚುವವನಿಗೆ ಇಂಥವು ತಪ್ಪಿದ್ದಲ್ಲ. ಇಂಡಿ ತಾಲ್ಲೂಕಿನಲ್ಲಿ ಸೈಕಲ್ ತುಳಿದವನು ನಾನು. ತೊಂಬತ್ತರ ದಶಕದಲ್ಲಿ ತಾಂಬಾದ ಒಂದು ಮನೆಗೆ ಬಂದ ಪತ್ರಗಳ ಸಂಗತಿ ಇದು. ಆ ಮನೆಯ ಗೌಂಡಿ ಸಮುದ್ರದಾಚೆ, ಅರಸನ ಆಳ್ವಿಕೆಯ ಒಂದು ದೇಶದಲ್ಲಿ ಕಟ್ಟಡ ಕಟ್ಟುತ್ತಿದ್ದ. ಅಲ್ಲಿ ವಾರಕ್ಕೊಂದು ಅಂತಸ್ತು ಏಳುತ್ತದಂತೆ. ಬಾಯಿ ಮಾತ್ರ ತೆರೆಯುವಂತಿಲ್ಲ. ಎಲ್ಲರ ಪತ್ರವನ್ನೂ ಸರಕಾರ ಒಡೆದು ಓದುತ್ತದೆ. ಇಲ್ಲಿ ಅವನ ತಾಯಿ, ಹೆಂಡತಿ. ಇಬ್ಬರಿಗೂ ಓದು ಬರದು. ಓದುವವನೂ ಬರೆಯುವವನೂ ನಾನೇ.

೧. ಮೂಲೆ

ಮೊದಲ ಪತ್ರದ ಮೂಲೆ ಕತ್ತರಿಸಿದ್ದರು. ಆ ದೇಶದಲ್ಲಿ ಒಡೆದು ನೋಡಿದ ಗುರುತು ಅದು. ನಮ್ಮಲ್ಲಿ ಮೂಲೆ ಹರಿದ ಪತ್ರವೆಂದರೆ ಸಾವಿನ ಸುದ್ದಿ. ನಾನು ಸೈಕಲ್ಲಿನಿಂದ ಇಳಿಯುವ ಮೊದಲೇ ತಾಯಿ ಎದೆ ಬಡಿದುಕೊಂಡಳು. ಎದುರು ಮನೆಯ ಬೀಬಿ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡಿ ಬಂದಳು. ಓಣಿ ನೆರೆಯಿತು.

"ಮೊದಲ ಕೇಳ್ರಿ," ಎಂದು ಓದಿದೆ. "ನಾನು ಕ್ಷೇಮ."

ತಾಯಿ ಅಳು ನಿಲ್ಲಿಸಿದಳು. "ಖರೇನ ಅವನ ಬರದಾನೇನ್ರಿ?"

"ಅವನ ಅಕ್ಷರ."

"ಮತ್ತ ಮೂಲಿ ಹರದಿದ್ದು?"

"ಅಲ್ಲಿ ಸರಕಾರ ಹರದೈತಿ."

ಮುದುಕಿ ಕಣ್ಣೊರೆಸಿಕೊಂಡಳು. "ಪಾಪ, ಸರಕಾರದಾಗ ಯಾರ ಸತ್ರೋ ಏನೋ."

೨. ಮಸಿ

ಎರಡನೆಯ ಪತ್ರಕ್ಕೆ ಅಲ್ಲಲ್ಲಿ ಮಸಿ ಬಳಿದಿತ್ತು. "ನಮ್ಮ ಮುಕಾದಮ" ಎಂದು ಮೇಸ್ತ್ರಿಯ ಮಾತು ತೆಗೆದಿದ್ದ, ಮುಂದೆ ಕಪ್ಪು. "ರಾತ್ರಿ ಮಲಗಲು" ಎಂದಿತ್ತು, ಮತ್ತೆ ಕಪ್ಪು. ಹೆಂಡತಿ ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಮಲಗಾಕ ಯಾರ ಅದಾರಂತ್ರಿ?"

"ಅದು ಅವ ಬಳದದ್ದಲ್ಲವ್ವಾ. ಸರಕಾರ ಬಳದದ್ದು."

"ಗಂಡ ಹೆಂಡ್ತಿ ನಡುವ ಸರಕಾರದ್ದೇನ ಐತ್ರಿ? ನೀವೂ ಗಂಡಸರು, ಅವನ ಕಡೇನ ಮಾತಾಡ್ತೀರಿ."

ಉತ್ತರ ಬರೆಸಿದಳು. ನಾಲ್ಕು ಸಾಲು ಬೈಗುಳ. ಬರೆದು ಮುಗಿಸಿದೆ.

"ಈಗ ಅದರ ಮ್ಯಾಲ ಮಸಿ ಬಳೀರಿ. ಅವನೂ ಒಂದಿಷ್ಟ ಒದ್ದಾಡ್ಲಿ."

೩. ಹೊಗಳಿಕೆ

ಮುಂದೆ ಚಡಚಣದ ಸಂತೆಯಿಂದ ಸುದ್ದಿ ಬಂತು. ಗೌಂಡಿ ಇದ್ದ ದೇಶದಲ್ಲಿ ಕೆಲಸಗಾರರು ಕೆಲಸ ನಿಲ್ಲಿಸಿ ಕುಳಿತರಂತೆ, ಹಲವರನ್ನು ಹಿಡಿದೊಯ್ದರಂತೆ. ಆ ದೇಶದ ಪತ್ರಿಕೆಯಲ್ಲಿ ಒಂದಕ್ಷರವಿಲ್ಲವಂತೆ. ಗೌಂಡಿಯ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಹದಿನೈದು ದಿನಕ್ಕೆ ಅವನ ಪತ್ರ ಬಂತು. ಮಸಿಯೇ ಇಲ್ಲ. "ಊಟ ಚಂದ, ನೀರು ಚಂದ, ಮುಕಾದಮ ದೇವರಂಥವನು."

ತಾಯಿ ಗೋಡೆಗೆ ಒರಗಿದಳು. "ನನ್ನ ಮಗ ಸಿಕ್ಕೊಂಡಾನ. ಹುಟ್ಟಿದಾಗಿಂದ ಒಂದ ಊಟಾನೂ ಚಂದ ಅಂದಾವಲ್ಲ."

ಯಾರನ್ನು ಕೇಳುವುದು? ಅವಳೇ ಕೇಳಿದಳು, "ನಮ್ಮ ಪತ್ರ ಅಲ್ಲಿ ಮೊದಲ ಯಾರ ಓದ್ತಾರ?"

"ಒಡಿಯೋ ಸಾಹೇಬ."

"ಹಂಗಾರ ಅವಗ ಬರೀರಿ. ಎಲ್ಲಾರ ಸುದ್ದಿ ಓದಾವ. ಅವಗ ಗೊತ್ತಿರ್ತೈತಿ."

ಬರೆದೆ. "ಪತ್ರ ಒಡೆಯುವ ಸಾಹೇಬರಿಗೆ ಶರಣು. ನನ್ನ ಮಗ ಎಲ್ಲಿದ್ದಾನೆ?"

ತಿಂಗಳಿಗೆ ಅದೇ ಹಾಳೆ ವಾಪಸು ಬಂತು. ಹಿಂಬದಿಗೆ ಕನ್ನಡ ಅಕ್ಷರ. ಮಾತು ನೋಡಿದರೆ ಸಾಹೇಬ ನಮ್ಮ ಮುದ್ದೇಬಿಹಾಳ ಕಡೆಯವನು. "ಅವ್ವಾ, ಹಿಡದಿದ್ರು, ಬಿಟ್ಟಾರ. ಊರಿಗಿ ಕಳಸಾಕತ್ತಾರ. ನಿನ್ನ ಸೊಸಿಗಿ ಹೇಳು, ಮಸಿ ಬಳಿಯೂದು ನನ್ನ ಕೆಲಸ." ಅದರ ಕೆಳಗೆ ಬರೆದ ಎರಡು ಸಾಲಿಗೆ ತಾನೇ ಮಸಿ ಬಳಿದಿದ್ದ.

"ಇವನ ಪತ್ರ ಯಾರ ಒಡೀತಾರೋ," ಎಂದಳು ತಾಯಿ.

ಗೌಂಡಿ ಬಂದ. ಸೊರಗಿದ್ದ. ನಾನೂ ನೋಡಲು ಅವರ ಮನೆಗೆ ಹೋಗಿದ್ದೆ. ಅಲ್ಲೇನಾಯಿತೆಂದು ಹೆಂಡತಿ ಕೇಳಿದರೆ ಬಾಗಿಲ ಕಡೆ ನೋಡಿ ಪಿಸುಗುಟ್ಟಿದ, "ಮೆಲ್ಲಕ. ಯಾರರ ಕೇಳ್ತಾರ."

"ಇದು ತಾಂಬಾ. ಇಲ್ಲಿ ಯಾರಿಗಿ ಹೆದರ್ತಿ?"

ಅವನು ಹೊರಗೆ ಹೋಗಿ ಕಟ್ಟೆಯ ಮೇಲೆ ನಿಂತ. ಮುಕಾದಮನಿಂದ ಹಿಡಿದು ಆ ದೇಶದ ಅರಸನವರೆಗೆ ಒಬ್ಬರನ್ನೂ ಬಿಡದೆ ಬೈದ. ಓಣಿಯೆಲ್ಲ ನಿಂತು ಕೇಳಿತು. ತಾಯಿ ಖುಷಿಯಿಂದ ನೀರು ತಂದುಕೊಟ್ಟಳು. ಕುಡಿದು ಮತ್ತೆ ಶುರು ಮಾಡಿದ. ಅದೇ ಹುರುಪಿನಲ್ಲಿ ನಮ್ಮ ಕಡೆಯ ಪುಢಾರಿಯೊಬ್ಬನ ಹೆಸರು ತೆಗೆದ.

ತಾಯಿ ಸೆರಗಿನಿಂದ ಅವನ ಬಾಯಿ ಮುಚ್ಚಿದಳು. "ಒಳಗ ನಡಿ. ಅರಸ ದೂರ ಅದಾನ. ಇಂವ ಇಲ್ಲೇ ಇಂಡಿ ಪ್ಯಾಟ್ಯಾಗ ಅದಾನ."