ಆರನೇ ಮಹಡಿಯಿಂದ ನಮ್ಮ ತಾರಸಿ

ಎತ್ತರಕ್ಕೆ ಹೋದರೆ ಮನುಷ್ಯನ ದೃಷ್ಟಿ ವಿಶಾಲವಾಗುತ್ತದೆ ಎಂದು ಹೇಳುವವರಿದ್ದಾರೆ. ಅವರು ಸ್ವಂತ ಊರಿನಲ್ಲಿ ಎತ್ತರಕ್ಕೆ ಹತ್ತಿರಲಿಕ್ಕಿಲ್ಲ. ಕಾರವಾರದ ಆ ಹೊಸ ಹೋಟೆಲಿನ ಆರನೇ ಮಹಡಿಗೆ ನಮ್ಮ ಕಚೇರಿಯ ಐದು ಜನ ಊಟಕ್ಕೆ ಹೋದೆವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಳಿ ನದಿಯ ಸೇತುವೆ, ಅದರಾಚೆ ಸದಾಶಿವಗಡದ ಗುಡ್ಡ. ಯಾರೊಬ್ಬರೂ ಅವನ್ನು ಕಣ್ಣೆತ್ತಿ ನೋಡಲಿಲ್ಲ. ಐವರೂ ಅಂಚಿನ ಕಟಾಂಜನದ ಕಂಬಿಗೆ ಒರಗಿ ಹುಡುಕಿದ್ದು ಅವರವರ ಮನೆಯನ್ನು.

ಊಟದ ನೆಪ ನಮ್ಮ ಗುಮಾಸ್ತೆ ಸುಜಾತಾ ಇಲಾಖೆಯ ಪರೀಕ್ಷೆ ಪಾಸಾದದ್ದು. ಚಿತ್ತಾಕುಲದ ಹುಡುಗಿ, ಮೀನಿಲ್ಲದ ಊಟವನ್ನು ಊಟವೆಂದು ಒಪ್ಪುವವಳಲ್ಲ. ದಿನ ಗೊತ್ತು ಮಾಡುವುದೇ ಒಂದು ಯಜ್ಞವಾಯಿತು. ಸೋಮವಾರ ಒಬ್ಬರಿಗೆ ಶಿವನ ವಾರ, ಮಂಗಳವಾರ ಇನ್ನೊಬ್ಬರಿಗೆ ಗಣಪತಿಯದು, ಗುರುವಾರ ಗುರುಗಳದು, ಶುಕ್ರವಾರ ದೇವಿಯದು, ಶನಿವಾರ ಹನುಮಂತನದು. ಆದಿತ್ಯವಾರ ಕಚೇರಿಯೇ ಇಲ್ಲ. ದೇವರುಗಳೆಲ್ಲ ಹಂಚಿಕೊಂಡು ಉಳಿದದ್ದು ಬುಧವಾರ. ಊಟದ ಬಿಡುವು ಒಂದೂಕಾಲರಿಂದ ಎರಡೂಕಾಲು. ಹೋಗುವುದಕ್ಕೆ ಹತ್ತು ನಿಮಿಷ, ಬರುವುದಕ್ಕೆ ಹತ್ತು, ಕೈ ತೊಳೆಯಲು ಐದು ಎಂದು ನಾನು ವೇಳಾಪಟ್ಟಿ ಬರೆದು ಎಲ್ಲರ ಮೇಜಿನ ಮೇಲಿಟ್ಟೆ. "ಮೇಡಂ, ಮುಳ್ಳು ತೆಗೆಯೂದಕ್ಕೆ ಎಷ್ಟು ನಿಮಿಷ ಬರ್ದೀರಿ?" ಎಂದು ಕೇಳಿದವನು ಅಮದಳ್ಳಿಯ ಗಜಾನನ. ನಮ್ಮ ಕಚೇರಿಯಲ್ಲಿ ಕಡತಕ್ಕಿಂತ ಬಾಯಿ ಹೆಚ್ಚು ಓಡುವುದು ಅವನದು.

ನನ್ನನ್ನು ದೂರಿ ಪ್ರಯೋಜನವಿಲ್ಲ. ನನ್ನ ತಂದೆ ಅಂಕೋಲೆಯಲ್ಲಿ ಮಾಸ್ತರರು. ಶಾಲೆಯ ಗಂಟೆ ಸಾಲದೆಂದು ಮನೆಯ ಜಗಲಿಗೂ ಒಂದು ಗಂಟೆ ಕಟ್ಟಿಸಿದ್ದರು. ಏಳಲು ಒಂದು ಹೊಡೆತ, ಸ್ನಾನಕ್ಕೆ ಎರಡು, ಊಟಕ್ಕೆ ಮೂರು. ಗಂಟೆಗಿಂತ ಮೊದಲು ಹಸಿವಾದರೆ ಅದು ಹಸಿವಿನ ಅಶಿಸ್ತು. ಆ ಮನೆಯಿಂದ ಬಂದವಳು ನಾನು. ನಿವೃತ್ತಿಗೆ ಇನ್ನು ಎಂಟೇ ತಿಂಗಳು; ಹಾಜರಿ ಪುಸ್ತಕದಲ್ಲಿ ಇವತ್ತಿಗೂ ಒಂದು ತಡದ ಗುರುತಿಲ್ಲ. ಜೀವನದಲ್ಲಿ ಗಡಿಯಾರ ನೋಡುವುದನ್ನು ಮರೆತದ್ದು ಒಮ್ಮೆ ಮಾತ್ರ. ಎರಡು ವರ್ಷದ ಹಿಂದೆ ನಮ್ಮ ಯಜಮಾನರಿಗೆ ರಕ್ತದೊತ್ತಡ ಏರಿ ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ. ಬಿಡುವಾಗ ಡಾಕ್ಟರು, "ಉಪ್ಪು ಕಡಿಮೆ ಮಾಡಿ, ಕರಿದದ್ದು ಬೇಡ" ಎಂದರು. ಅವರದು ಸಲಹೆ. ಮನೆಗೆ ಬರುವ ಹೊತ್ತಿಗೆ ನಾನು ಅದನ್ನು ಕಾಯಿದೆ ಮಾಡಿದ್ದೆ. ಒಬ್ಬರನ್ನೇ ಶಿಕ್ಷಿಸುವುದು ನ್ಯಾಯವಲ್ಲವೆಂದು ನಾನೂ ಅದಕ್ಕೆ ಒಳಪಟ್ಟೆ. ಒಂದೂವರೆಗೆ ಅವರು ಮನೆಯಲ್ಲಿ, ನಾನು ಕಚೇರಿಯಲ್ಲಿ, ಒಂದೇ ಸಪ್ಪೆ ಸೌತೆಕಾಯಿ ಪಲ್ಯ, ಒಂದೇ ಗಂಜಿ. ಎರಡಕ್ಕೆ ಅವರ ನಿದ್ದೆ. ಎಲ್ಲವೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಹಾಗಾಗಿ ಆ ಬುಧವಾರ ಹುರಿದ ಮೀನು ತಿನ್ನಲು ಹೋಗುತ್ತಿದ್ದೇನೆಂದು ಮನೆಯಲ್ಲಿ ಹೇಳುವುದು ಹೇಗೆ? "ಮೀಟಿಂಗ್ ಇದೆ" ಎಂದೆ. ಡಬ್ಬಿಯನ್ನು ಎಂದಿನಂತೆ ಒಯ್ದು ಕಚೇರಿಯ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಒಂದು ಮೂವತ್ತೈದಕ್ಕೆ ರವೆ ಹಚ್ಚಿ ಹುರಿದ ಇಸ್ವಣ ಮೀನಿನ ಎರಡು ತುಂಡು ನನ್ನ ತಟ್ಟೆಗೆ ಬಂದವು. ಎರಡು ವರ್ಷದ ನಂತರದ ಮೊದಲ ತುತ್ತು. ಅದರ ವರ್ಣನೆ ಮಾಡಿದರೆ ನನ್ನ ವಯಸ್ಸಿಗೆ ಶೋಭಿಸದು. ಒಂದು ನಲವತ್ತಕ್ಕೆ ಗಜಾನನ ಕಟಾಂಜನದ ಬಳಿಯಿಂದ ಕೂಗಿದ: "ಅರೆ ಮೇಡಂ, ಅಲ್ಲಿ ಹೊಗೆ ಬರ್ತದೆ ನೋಡಿ! ನೀಲಿ ನೀರಿನ ಟಾಕಿ ಇದ್ದ ಮನೆ. ನಿಮ್ದೇ ಅಲ್ವೋ ಅದು?"

ಕೈಯ ತುತ್ತು ತಟ್ಟೆಗೆ ಬಿಟ್ಟೆ. ಮನೆಯಲ್ಲಿ ಯಜಮಾನರು ಒಬ್ಬರೇ ಇದ್ದಾರೆ, ತಲೆ ತಿರುಗಿ ಬಿದ್ದರೋ, ಒಲೆ ಆರಿಸಲು ಮರೆತರೋ ಎಂದು ಓಡಿದೆ. ನಮ್ಮದೇ ತಾರಸಿ. ಹೊಗೆಯ ಮಗ್ಗುಲಲ್ಲಿ ಕೆಂಪು ಪಾಣಿಪಂಚೆ ಹೆಗಲಿಗೆ ಹಾಕಿದ ಒಂದು ಆಕೃತಿ ಕುಕ್ಕುರುಗಾಲಲ್ಲಿ ಕುಳಿತು ಇಕ್ಕಳದಿಂದ ಏನನ್ನೋ ಮಗುಚುತ್ತಿತ್ತು. ಸುಜಾತಾ ಕಣ್ಣು ಕಿರಿದು ಮಾಡಿ, "ಕರಟದ ಕೆಂಡ ಮೇಡಂ. ಒಣ ಬಂಗಡೆ ಸುಡ್ತಿದ್ರು ಕಾಣ್ತದೆ," ಎಂದಳು. ನಂತರ, ತುಸು ಅಸೂಯೆಯಿಂದ, "ಎರಡು ಅದೆ," ಎಂದಳು.

ಒಣ ಬಂಗಡೆ ಎಂದರೆ ಉಪ್ಪಿಗೆ ಮೀನಿನ ಆಕಾರ ಕೊಟ್ಟ ಹಾಗೆ! ಫೋನು ತೆಗೆದೆ. ಅತ್ತ ಆಕೃತಿಯೂ ಒಂದು ಕೈ ಕಿವಿಗೆ ಒಯ್ದಿತು.

"ಊಟ ಆಯ್ತೋ?"

"ಆಯ್ತಲ್ಲ, ಸೌತೆಕಾಯಿ. ಉಪ್ಪು ಮಾತ್ರ ಸ್ವಲ್ಪ ಕಡಿಮೆ." ಇನ್ನೊಂದು ಕೈ ಮೀನು ಮಗುಚಿತು. "ನಿಂದು?"

"ನನ್ನದೂ ಅದೇ. ಕಡಿಮೆಯೇ."

"ಅದೆಂತ ಅಷ್ಟು ಗಾಳಿ ನಿಮ್ ಕಚೇರೀಲಿ?"

"ಫ್ಯಾನು," ಎಂದು ಫೋನಿಟ್ಟೆ.

ನೀವೇ ಹೇಳಿ, ಬೈಯುವುದು ಹೇಗೆ? "ಹೊಗೆ ಕಂಡೆ" ಎಂದರೆ "ಎಲ್ಲಿಂದ ಕಂಡೆ?" ಎಂಬ ಪ್ರಶ್ನೆ ಬರುತ್ತದೆ. ಸಂಜೆ ಮನೆಗೆ ಬಂದರೆ ಹೊತ್ತಲ್ಲದ ಹೊತ್ತಿನಲ್ಲಿ ಊದುಬತ್ತಿಯ ಪರಿಮಳ. ನಾನೂ ದಾರಿಯುದ್ದಕ್ಕೂ ಏಲಕ್ಕಿ ಅಗಿದಿದ್ದೆ. ಇಬ್ಬರೂ ಪರಸ್ಪರ ನಾಲ್ಕು ಅಡಿ ದೂರ ಕುಳಿತು ಚಹ ಕುಡಿದೆವು. ರಕ್ತದೊತ್ತಡದ ಯಂತ್ರ ಕಟ್ಟಿ ನೋಡಿದರೆ ಅಂಕಿ ಸರಿಯಾಗಿಯೇ ಇತ್ತು. ದೇವರಿಗೆ ಕೈಮುಗಿದೆ. ಆದರೂ ನನ್ನ ಕಾಯಿದೆಗೆ ಅವಮಾನವಾದಂತಾಗಿ ಇನ್ನೊಮ್ಮೆ ಕಟ್ಟಿದೆ. ಮತ್ತೂ ಸರಿಯಾಗಿಯೇ ಬಂತು.

ಮುಂದಿನ ಬುಧವಾರ, "ಊಟಕ್ಕೆ ಅಲ್ಲಿಗೇ ಹೋಗೋಣ" ಎಂದವಳು ನಾನೇ. ನಗಬೇಡಿ. ಅವರು ಮತ್ತೆ ಬಂಗಡೆ ಸುಡುತ್ತಾರೋ ಇಲ್ಲವೋ ತಿಳಿಯಬೇಕಿತ್ತು, ಮತ್ತು ಅದನ್ನು ನೋಡಲು ಊರಿನಲ್ಲಿ ಇದ್ದದ್ದು ಆ ಒಂದೇ ಜಾಗ. ಏನೂ ತಿನ್ನದೆ ಅಲ್ಲಿ ಕೂರಗೊಡುತ್ತಾರೆಯೇ? ಹೀಗೆ ಗಂಡನ ಆರೋಗ್ಯಕ್ಕಾಗಿ ನಾನು ಪ್ರತಿ ಬುಧವಾರ ಇಸ್ವಣ ತಿನ್ನತೊಡಗಿದೆ.

ಐದನೇ ಬುಧವಾರ ಮೋಡ ಕವಿದಿತ್ತು. ಒಂದು ನಲವತ್ತಕ್ಕೆ ಎದ್ದು ಹೋಗಿ ನೋಡಿದರೆ ತಾರಸಿ ಖಾಲಿ. ಹೊಗೆ ಕಂಡಾಗ ಸಿಟ್ಟು ಬರುತ್ತಿತ್ತು; ಈಗ ಹೊಗೆಯನ್ನೇ ಹುಡುಕತೊಡಗಿದೆ. ಒಂದು ನಲವತ್ತೈದಾಯಿತು, ಯಾರೂ ಇಲ್ಲ. ಆಸ್ಪತ್ರೆಯ ಆ ಮೂರು ದಿನ ಕಣ್ಣೆದುರು ಬಂತು. ಫೋನು ಹಚ್ಚಿದೆ. ಏಳನೇ ಸದ್ದಿಗೆ ಎತ್ತಿದರು.

"ಹುಷಾರಿದ್ದೀರೋ?"

"ನನಗೆಂತ ಆಗೂದು? ಮಳೆ ಬರೂ ಹಾಗದೆ ಅಂತ ಇವತ್ತು ಮೇಲೆ ಹತ್ಲಿಲ್ಲ. ನೀನೂ ಆ ಕಟಾಂಜನ ಬಿಟ್ಟು ಒಳಗೆ ಕೂತ್ಕೋ, ಎರಚಲು ಹೊಡೀತದೆ."

"ಇಷ್ಟು ದೂರದಿಂದ ನನ್ನ ಮುಖ ಕಾಣುತ್ತದೆಯೇ?" ಎಂದೆ.

"ಮುಖ ಎಲ್ಲಿ ಕಾಣ್ತದೆ ಮಾರಾಯ್ತಿ! ಸರಿಯಾಗಿ ಒಂದು ನಲವತ್ತಕ್ಕೆ ಎದ್ದು ಬಂದು, ಸರಿಯಾಗಿ ಒಂದು ಐವತ್ತಕ್ಕೆ ಹೋಗಿ ಕೂರೂ ಜನ ಈ ಕಾರವಾರದಲ್ಲಿ ಇನ್ಯಾರಿದ್ದಾರೆ? ಎರಡನೇ ವಾರಕ್ಕೇ ಖಾತ್ರಿ ಆಯ್ತು. ಮತ್ತೆ, ಬಂಗಡೆ ಮುಂಚಿನ ದಿನವೇ ನೀರಲ್ಲಿ ನೆನೆಸಿ ಉಪ್ಪು ಬಿಡಿಸಿದ್ದು, ಎರಡರಲ್ಲಿ ಒಂದು ಬೆಕ್ಕಿಗೆ. ನಿಂದು ಇಸ್ವಣವೋ, ಪಾಪ್ಲೆಟ್ಟೋ?"

ಅಷ್ಟರಲ್ಲಿ ಮಳೆ ಶುರುವಾಯಿತು. ಕೈಗಡಿಯಾರ ನೋಡಿದೆ. ಸರಿಯಾಗಿ ಒಂದು ಐವತ್ತು. ಕಾಲು ತಾನಾಗಿಯೇ ಮೇಜಿನ ಕಡೆ ತಿರುಗಿತ್ತು. ಛಲದಿಂದ ಅದನ್ನು ತಡೆದು, ಇವರ ಲೆಕ್ಕಾಚಾರ ತಪ್ಪಿಸಲೆಂದೇ, ಎರಚಲಿನಲ್ಲಿ ಅಲ್ಲಿಯೇ ನಿಂತೆ. ಪೂರ್ತಿ ಒದ್ದೆಯಾದೆ. ಒಂದು ಐವತ್ತೈದು ಆಗುತ್ತಲೇ ಹೋಗಿ ಕುಳಿತೆ.